ಆಮಶಂಕೆ

ಕಸ್ತೂರಮ್ಮ ಸೊಸೆಯ ಕೈಯಿಂದ ಸೌಟು ಕಿತ್ತುಕೊಂಡದ್ದು ಸಂಕ್ರಾಂತಿ ಕಳೆದ ಮೇಲೆ, ಒಂದು ಬೆಳಿಗ್ಗೆ. ಒಲೆಯ ಮೇಲೆ ಮಾವನಿಗೆಂದು ನವಣೆ ಗಂಜಿ ಕುದಿಯುತ್ತಿತ್ತು.

"ಇನ್ನು ನೀನು ಒಲೆ ಹತ್ರ ಬರಬ್ಯಾಡ. ಅವರ ಗಂಜಿ ನಾನೇ ಕಾಸ್ತೀನಿ."

"ಯಾಕತ್ತೆ? ಉಪ್ಪು ಹೆಚ್ಚಾಗಿತ್ತೇನು?"

"ಉಪ್ಪು ಹೆಚ್ಚಾದ್ರೆ ಬಾಯಿಗೆ ಗೊತ್ತಾಗತೈತೆ. ಬಾಯಿಗೆ ಗೊತ್ತಾಗದಿರೋದೇನೋ ಅವರ ಹೊಟ್ಟೆಗೆ ಹೋಗೈತೆ."

ಶಂಕರಮ್ಮನಿಗೆ ಮಾತಿನ ತಲೆಬುಡ ತಿಳಿಯಲಿಲ್ಲ. ತಿಳಿದದ್ದು ಹಿತ್ತಲಲ್ಲಿ ಕೂತು ಪಾತ್ರೆಗೆ ಬೂದಿ ಹಚ್ಚುತ್ತಿದ್ದಾಗ. ಪಕ್ಕದ ಮನೆಯ ಗಾದ್ರಮ್ಮ ಗೋಡೆಯಾಚೆ ಯಾರಿಗೋ ಹೇಳುತ್ತಿದ್ದಳು. "ಕಲ್ಲು ತಿಂದು ಅರಗಿಸ್ಕಳೋ ಗಂಡಸು ಹಿಂಗೆ ಸೊರಗ್ಯಾನೆ ಅಂದ್ರೆ ಅದು ಮದ್ದೇ. ಸೊಸೆ ಬಂದ ಮ್ಯಾಲೆ ತಾನೆ ಶುರುವಾಗಿದ್ದು?"

ಶಂಕರಮ್ಮನ ಕೈಯಲ್ಲಿದ್ದ ತೆಂಗಿನ ನಾರು ಅಲ್ಲೇ ನಿಂತಿತು. ಮದ್ದು ಎಂದರೆ ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅನ್ನದಲ್ಲಿ, ಸಾರಿನಲ್ಲಿ ಗುಟ್ಟಾಗಿ ಬೆರೆಸಿ ಕೊಡುವ ಕೈಮದ್ದು. ತಿಂದವನು ಒಳಗೊಳಗೇ ಕರಗಿ ಹೋಗುತ್ತಾನೆ. ಹಾಕಿದವಳು ಎಂದು ಹೆಸರು ಬಂದವಳನ್ನು ಮತ್ತೆ ಯಾವ ಮನೆಯವರೂ ಒಲೆಯ ಹತ್ತಿರ ಬಿಡುವುದಿಲ್ಲ. ಹೊನ್ನಾಳಿ ಕಡೆಯ ತವರೂರು ಸವಳಂಗದಲ್ಲಿ ಅವರ ಓಣಿಯಲ್ಲೇ ಅಂಥ ಹೆಸರು ಹೊತ್ತ ಸುಂಕಲಮ್ಮ ಎಂಬ ಮುದುಕಿ ಇದ್ದಳು. ಮಕ್ಕಳು ಅವಳ ಬಾಗಿಲ ಮುಂದೆ ಉಸಿರು ಬಿಗಿಹಿಡಿದು ಓಡುತ್ತಿದ್ದರು. ಶಂಕರಮ್ಮನೂ ಹಾಗೆ ಓಡಿದವಳೇ.

ಅವಳ ಮಾವ ಬೆನಕಪ್ಪ ಜಗಳೂರು ಪೇಟೆಯ ಕಂಬಳಿ ವ್ಯಾಪಾರಿ. ಸುತ್ತಿನ ಹಳ್ಳಿಗಳ ಮಗ್ಗದವರಿಂದ ಕಂಬಳಿ ಕೊಂಡು ದಾವಣಗೆರೆಗೆ ಕಳಿಸುತ್ತಿದ್ದ. ಎರಡನೆಯ ಮಹಾಯುದ್ಧದ ದೆಸೆಯಿಂದ ಕಂಬಳಿಗೆ ಗಿರಾಕಿ ಹೆಚ್ಚಿ, ಮನುಷ್ಯ ಒಂದು ಕಡೆ ಕೂತದ್ದೇ ಇಲ್ಲ. ಅಂಥವನಿಗೆ ದೀಪಾವಳಿಯ ಹಿಂದೆಮುಂದೆ ಹೊಟ್ಟೆ ನುಲಿಯಲು ಶುರುವಾಯಿತು. ಮೊದಲು ಬರೀ ಭೇದಿ, ಆಮೇಲೆ ಲೋಳೆಯಂಥ ಆಮ, ಅದರ ಹಿಂದೆಯೇ ನೆತ್ತರು. ಚೆಂಬು ಹಿಡಿದು ಬಯಲಿಗೆ ಹೋದವನು ಮನೆ ಮುಟ್ಟುವಷ್ಟರಲ್ಲಿ ಮತ್ತೆ ತಿರುಗಬೇಕು. ಪಂಡಿತರು ಆಮಶಂಕೆ ಎಂದು ದಾಳಿಂಬೆ ಸಿಪ್ಪೆಯ ಕಷಾಯ ಕೊಟ್ಟರು, ಬಿಲ್ವದ ಕಾಯಿಯ ತಿರುಳು ತಿನ್ನಿಸಿದರು. ನಾಲ್ಕು ದಿನ ಕಟ್ಟಿದಂತಾಗಿ ಐದನೆಯ ದಿನ ಇಮ್ಮಡಿಯಾಗಿ ಹೊರಟಿತು. ಈಗ ಅವನು ಹಿಂದಿನ ಕೋಣೆಯ ಮಂಚ ಬಿಟ್ಟು ಏಳುವುದೇ ಅಪರೂಪ. ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುವಾಗ ಕೈ ನಡುಗುತ್ತಿತ್ತು.

ಅವತ್ತಿನಿಂದ ಮನೆಯ ಊಟದ ರೀತಿಯೇ ಬದಲಾಯಿತು. ಕಸ್ತೂರಮ್ಮ ಮುದ್ದೆ ತಿರುವಿ, ಹುರುಳಿ ಸಾರು ಮಾಡಿ, ಪಾತ್ರೆಗಳ ಮೇಲೆ ತಟ್ಟೆ ಮುಚ್ಚಿ, ಅದರ ಮೇಲೆ ಕಲ್ಲು ಹೇರಿ ಇಡುತ್ತಿದ್ದಳು. ಸೊಸೆಗೆ ಹೊರಗಿನ ಕೆಲಸ. ಹೊಂಡದಿಂದ ನೀರು ಹೊರುವುದು, ಸಗಣಿ ಬಾಚುವುದು, ಮಾವನ ಬಟ್ಟೆ ಒಗೆಯುವುದು. ನೆತ್ತರಾದ ಬಟ್ಟೆಯನ್ನು ಮಾತ್ರ ಯಾರೂ ಅವಳ ಕೈಯಿಂದ ಕಿತ್ತುಕೊಳ್ಳಲಿಲ್ಲ.

ಬೆನಕಪ್ಪನ ತಾಯಿ ಅಜ್ಜಮ್ಮ ಕಣ್ಣು ಮಂಜಾದ, ನಾಲಿಗೆ ಮಂಜಾಗದ ಮುದುಕಿ. ಮೂರನೆಯ ದಿನವೇ ಊಟದ ತಟ್ಟೆಯನ್ನು ಅತ್ತ ಸರಿಸಿದಳು.

"ಇದ್ಯಾಕೆ ಕಸ್ತೂರಿ, ರೊಟ್ಟಿ ಹಿಂಗೆ ಹಪ್ಪಳ ಆಗೈತೆ? ಶಂಕ್ರಿ ಎಲ್ಲಿ? ಅವಳು ತಟ್ಟಿದ್ದು ಕೊಡು."

"ಅವಳು ತಟ್ಟಿಲ್ಲ."

"ಕೈಗೇನಾಗೈತೆ ಅವಳಿಗೆ?"

"ಅವಳ ಕೈಯಿಂದಲೇ ನಿಮ್ಮ ಮಗಂಗೆ ಹಿಂಗಾಗಿರೋದು ಅಂತ ಊರೆಲ್ಲ ಮಾತಾಡ್ತೈತೆ. ನೀವು ಬೇಕಾದ್ರೆ ತಿನ್ನಿ. ನನ್ನ ತಾಳಿ ಪ್ರಶ್ನೆ ಇದು."

"ಅವನಿಗೆ ಆಮಶಂಕೆ, ನಿಂಗೆ ಬರೀ ಶಂಕೆ," ಎಂದಳು ಅಜ್ಜಮ್ಮ. "ಅವಂದು ಹೊಟ್ಟೇಲಿ ಐತೆ, ನಿಂದು ತಲೇಲಿ ಐತೆ. ಯಾರದು ಮೊದಲು ವಾಸಿ ಆಗತೈತೋ ಶಿವನೇ ಬಲ್ಲ."

ಕಸ್ತೂರಮ್ಮ ಅತ್ತುಬಿಟ್ಟಳು. ಅವಳು ಹಾಗೆ ಗೋಡೆಗೆ ಹಣೆ ಒತ್ತಿ ಅತ್ತದ್ದನ್ನು ಶಂಕರಮ್ಮ ಎಂದೂ ನೋಡಿರಲಿಲ್ಲ. ಬೈದರೆ ಎದುರು ಹೇಳಬಹುದಿತ್ತು. ಅಳುವವಳಿಗೆ ಏನು ಹೇಳುವುದು?

ಗಂಡ ಮರುಳಸಿದ್ದಪ್ಪ ಒಳ್ಳೆಯವನೇ, ಆದರೆ ತಾಯಿಯ ಎದುರು ಬಾಯಿ ಇಲ್ಲದವನು. ಅಂಗಡಿಯ ಹಿಂದಿನ ಕಣದಲ್ಲಿ ಅವನು ಕಂಬಳಿ ಝಾಡಿಸಿ ಮಡಚುತ್ತಿದ್ದಾಗ ಶಂಕರಮ್ಮ ಇನ್ನೊಂದು ತುದಿ ಹಿಡಿದು ನಿಂತಳು.

"ಅತ್ತೆ ಹೇಳೋದು ಕೇಳಿಸ್ಕಂಡ್ರಾ?"

"ಹೂಂ."

"ನೀವೇನೂ ಹೇಳಲಿಲ್ಲ."

ಅವನು ಮಡಚಿದ ಕಂಬಳಿಯನ್ನು ಇನ್ನೊಮ್ಮೆ ಬಿಚ್ಚಿದ. "ಶಂಕ್ರಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ. ನಿಮ್ಮ ಸೀಮೆ ಕಡೆಯವರು ಯಾರಾದ್ರೂ... ಗಂಡ ಒಲೀಲಿ ಅಂತಾನೋ, ಮನೆ ನಿಂದಾಗಲಿ ಅಂತಾನೋ... ಏನಾದ್ರೂ ಪುಡಿ ಗಿಡಿ ಕೊಟ್ಟಿದ್ರಾ?"

ಶಂಕರಮ್ಮ ಕಂಬಳಿಯ ತುದಿ ಬಿಟ್ಟುಬಿಟ್ಟಳು. ಅದು ಮಣ್ಣಿಗೆ ಬಿತ್ತು. ಊರೆಲ್ಲ ಹೇಳಿದಾಗ ಆಗದಷ್ಟು ಭಯ ಈ ಒಂದು ಪ್ರಶ್ನೆಗೆ ಆಯಿತು. ಮಾವ ಸತ್ತರೆ ತನ್ನ ಪರವಾಗಿ ನಿಲ್ಲುವವರು ಈ ಮನೆಯಲ್ಲಿ ಯಾರೂ ಇಲ್ಲ, ಮಂಚದ ಮೇಲಿನ ಆ ನಡುಗುವ ಜೀವಕ್ಕೇ ತನ್ನ ಬದುಕನ್ನೂ ಕಟ್ಟಿಹಾಕಿದ್ದಾರೆ ಎಂದು ಅವಳಿಗೆ ಅನ್ನಿಸಿತು.

*

ಮುಂದಿನ ವಾರ ಸೊಕ್ಕೆ ಎಂಬ ಹಳ್ಳಿಯಿಂದ ದುರುಗಮ್ಮ ಬಂದಳು. ಮದ್ದು ತೆಗೆಯುವುದರಲ್ಲಿ ಸುತ್ತ ಹೆಸರಾದವಳು. ಹಣೆಯ ತುಂಬ ಭಂಡಾರದ ಅರಿಸಿನ, ಸೊಂಟದಲ್ಲಿ ಬೇರಿನ ಗಂಟು. ಬೆನಕಪ್ಪನ ರೆಪ್ಪೆ ಎತ್ತಿ ನೋಡಿದಳು, ಹೊಕ್ಕುಳ ಒತ್ತಿದಳು, ತಲೆ ಅಲ್ಲಾಡಿಸಿದಳು.

"ಕುಂತುಬಿಟ್ಟೈತೆ. ಹಳೇದಲ್ಲ, ಹೊಸಾದು. ನೀರಿನ ಸೀಮೆಯಿಂದ ಬಂದದ್ದು."

ನೀರಿನ ಸೀಮೆ ಎಂದಾಗ ಕಸ್ತೂರಮ್ಮ ಸೊಸೆಯತ್ತ ನೋಡಲಿಲ್ಲ. ನೋಡದಿದ್ದದ್ದೇ ಎಲ್ಲರಿಗೂ ಕಂಡಿತು. ಹೊಳೆ ಹರಿಯುವ ಹೊನ್ನಾಳಿ ಕಡೆಯಿಂದ ಈ ಮನೆಗೆ ಬಂದವಳು ಒಬ್ಬಳೇ.

ಬೇರು ಅರೆದು ಬಿಸಿನೀರಿನಲ್ಲಿ ಕದಡಿ ಕುಡಿಸಿದರು. ಕುಡಿದ ಸ್ವಲ್ಪ ಹೊತ್ತಿಗೆ ಬೆನಕಪ್ಪ ಕರುಳೇ ಬಾಯಿಗೆ ಬರುವಂತೆ ಕಾರಿಕೊಂಡ. ದುರುಗಮ್ಮ ಬೂದಿ ಹರಡಿದ ಮೊರದಲ್ಲಿ ಬೆರಳಾಡಿಸಿ, ಕೂದಲು ಸುತ್ತಿದ ಕಪ್ಪು ಉಂಡೆಯೊಂದನ್ನು ಎತ್ತಿ ತೋರಿಸಿದಳು. "ನೋಡ್ರಿ, ಇದೇ." ಕಸ್ತೂರಮ್ಮ ಕೈ ಮುಗಿದಳು. ಬಾಗಿಲಲ್ಲಿ ಗಾದ್ರಮ್ಮ, ಅವಳ ಹಿಂದೆ ಇನ್ನೂ ನಾಲ್ಕು ಮುಖಗಳು. ಆ ಮುಖಗಳೆಲ್ಲ ಈಗ ಶಂಕರಮ್ಮನ ಕಡೆಗೆ ತಿರುಗಿದವು.

ಅಷ್ಟರಲ್ಲಿ ಬೆನಕಪ್ಪನ ಕುತ್ತಿಗೆ ಒಂದು ಕಡೆ ವಾಲಿತು. ಕಣ್ಣು ಮೇಲಾದವು.

"ಅಯ್ಯೋ, ನನ್ನ ಮಗನ್ನ ಕೊಂದ್ರಲ್ರೋ!" ಅಜ್ಜಮ್ಮ ಗೋಡೆ ತಡವರಿಸಿಕೊಂಡು ಬಂದು ಅವನ ಕಾಲು ಮುಟ್ಟಿದಳು. ಕಾಲು ತಣ್ಣಗಿತ್ತು. "ಲೋ ಮರುಳಸಿದ್ದ, ನಿಂತು ಏನು ನೋಡ್ತೀಯ? ಗಾಡಿ ಕಟ್ಟಾಕೆ ಹೇಳು. ಸರ್ಕಾರಿ ಆಸ್ಪತ್ರೆಗೆ ಹೊಡಿ!"

ಆಳು ಅಂಜಿನಪ್ಪ ಗಾಡಿ ಕಟ್ಟಿದ. ಕಸ್ತೂರಮ್ಮ ಕಂಬಕ್ಕೆ ಒರಗಿ ಕೂತವಳು ಏಳಲಿಲ್ಲ. ಯಾರೂ ಹೇಳದಿದ್ದರೂ ಶಂಕರಮ್ಮ ಎರಡು ಹಳೆಯ ಸೀರೆಯ ತುಂಡು ಎತ್ತಿಕೊಂಡು ಗಾಡಿ ಹತ್ತಿ, ಮಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಆಸ್ಪತ್ರೆಯ ಡಾಕ್ಟರು ಚನ್ನಗಿರಿಯಿಂದ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಮೊದಲು ರೋಗಿಯ ನಾಡಿ ಹಿಡಿದು, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಆಮೇಲೆ ಒಂದು ಪಿಂಗಾಣಿ ಬೋಗುಣಿ ತಂದು ಕೊಟ್ಟರು.

"ಮಲ ಪರೀಕ್ಷೆ ಮಾಡಬೇಕು. ಹೊರಗೆ ಬಂದ ಕೂಡಲೇ, ಬಿಸಿ ಆರುವ ಮೊದಲು ನನಗೆ ಕೊಡಬೇಕು. ಆರಿದರೆ ಏನೂ ಕಾಣುವುದಿಲ್ಲ."

ಮರುಳಸಿದ್ದಪ್ಪ ನೆಲ ನೋಡಿದ. ಬೋಗುಣಿಯನ್ನು ತೆಗೆದುಕೊಂಡವಳು ಶಂಕರಮ್ಮ. ಬೆನಕಪ್ಪ ಅರೆಗಣ್ಣು ಬಿಟ್ಟು, "ನೀನು ಬ್ಯಾಡ ತಾಯಿ," ಎಂದ. "ಮಗಳಾಗಿದ್ರೆ ಮಾಡ್ತಿರಲಿಲ್ವಾ ಮಾವ?" ಎಂದು ಅವಳು ಬೋಗುಣಿ ಇಟ್ಟಳು. ನೆತ್ತರು, ಆಮ ತುಂಬಿದ ಅದನ್ನು ಸೆರಗಿನಿಂದ ಮುಚ್ಚಿ ಓಡುನಡಿಗೆಯಲ್ಲಿ ತಂದುಕೊಟ್ಟಳು.

ಡಾಕ್ಟರು ಕಿಟಕಿಯ ಬೆಳಕಿಗೆ ಹಿತ್ತಾಳೆಯ ಯಂತ್ರವೊಂದನ್ನು ಇಟ್ಟುಕೊಂಡಿದ್ದರು. ಗಾಜಿನ ಪಟ್ಟಿಯ ಮೇಲೆ ಕಡ್ಡಿಯಿಂದ ಒಂದಿಷ್ಟು ಸವರಿ, ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಶಂಕರಮ್ಮ ಕಿಟಕಿಯ ಹತ್ತಿರಕ್ಕೆ ಸರಿದಳು. ಆ ಗಾಜಿನಲ್ಲಿ ಎಲ್ಲ ಕಾಣುತ್ತದೆಯೇ? ಯಾರು ಬಡಿಸಿದ್ದು, ಯಾರು ಬೆರೆಸಿದ್ದು, ಅದೂ ಕಾಣುತ್ತದೆಯೇ?

"ಸಿಕ್ಕಿತು," ಎಂದರು ಡಾಕ್ಟರು. "ಬನ್ನಿ, ನೋಡಿ."

ಮರುಳಸಿದ್ದಪ್ಪ ನೋಡಿ ಗಾಬರಿಯಾಗಿ ಹಿಂದೆ ಸರಿದ. ಶಂಕರಮ್ಮ ನೋಡಿದಳು. ಬೆಳ್ಳಗಿನ ಬೆಳಕಿನ ವೃತ್ತದಲ್ಲಿ ಲೋಳೆಯ ಹನಿಯಂಥದ್ದೊಂದು ಮೆಲ್ಲಗೆ ಒಂದು ಕಡೆ ಚಾಚಿ, ಆ ಕಡೆಗೇ ಹರಿಯಿತು. ಬಾಯಿಲ್ಲ, ಕಾಲಿಲ್ಲ. ಆದರೂ ನಡೆಯುತ್ತಿತ್ತು.

"ಇದು ಕರುಳನ್ನು ಕೊರೆದು ಹುಣ್ಣು ಮಾಡುತ್ತದೆ. ಅದಕ್ಕೇ ರಕ್ತ."

"ಮದ್ದು ಹಾಕಿದ್ರೆ ಬರ್ತೈತಾ ಸ್ವಾಮಿ ಇದು?" ಮರುಳಸಿದ್ದಪ್ಪ ಕೇಳಿಯೇಬಿಟ್ಟ.

"ಯಾವ ಮದ್ದು? ಮದ್ದು ಅಂತ ಇವರಿಗೆ ಏನು ಕುಡಿಸಿದಿರಿ? ಇನ್ನೊಂದು ಸಲ ಹಾಗೆ ಕಾರಿಸಿದ್ದರೆ ಈ ಮನುಷ್ಯನನ್ನು ಇಲ್ಲಿಗೆ ತರುವ ಕೆಲಸವೇ ಇರುತ್ತಿರಲಿಲ್ಲ. ಇದು ಹುಳ. ನೀರಿನಿಂದ, ಆಹಾರದಿಂದ ಬರುವ ಹುಳ."

ಯುದ್ಧದ ಕಾಲ, ಸೂಜಿಮದ್ದಿಗೆ ಬರ. ಇದ್ದಬದ್ದ ಸೀಸೆಗಳನ್ನು ಡಾಕ್ಟರು ತೆಗೆದಿಟ್ಟರು. ಸೂಜಿ ನಡೆಯುವಷ್ಟು ದಿನವೂ ರೋಗಿ ಮಲಗಿದಲ್ಲಿಂದ ಏಳಬಾರದು, ಎದ್ದರೆ ಎದೆ ನಿಲ್ಲಬಹುದು ಎಂದು ಹೆದರಿಸಿದರು. ಬೆನಕಪ್ಪ ಆಸ್ಪತ್ರೆಯ ಮಂಚದಲ್ಲೇ ಉಳಿದ. ಮೂರ್ನಾಲ್ಕು ಸೂಜಿ ಬೀಳುವಷ್ಟರಲ್ಲಿ ನೆತ್ತರು ನಿಂತಿತು. ಅವತ್ತು ಅವನು ಮಜ್ಜಿಗೆ ಅನ್ನ ಕೇಳಿ ಉಂಡ.

ಶಂಕರಮ್ಮ ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಂತು ಎದೆ ಹಗುರಾಗಿ ಉಸಿರು ಬಿಟ್ಟಳು. ಆ ಸುಖ ಸಂಜೆಯವರೆಗೂ ಬಾಳಲಿಲ್ಲ.

*

ಸಂಜೆ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕರೆದರು. "ಈ ಹುಳ ಒಬ್ಬರ ಹೊಟ್ಟೆಯಿಂದ ಇನ್ನೊಬ್ಬರಿಗೆ ಕೈಯ ಮೂಲಕ ಹೋಗುತ್ತದೆ. ಅಡಿಗೆ ಮಾಡುವವರಲ್ಲಿ ಇದ್ದರೆ ಮನೆಗೆಲ್ಲ ಹಂಚಿದ ಹಾಗೆ. ಅವರು ಗಟ್ಟಿಮುಟ್ಟಾಗೇ ಇರಬಹುದು, ತಮ್ಮಲ್ಲಿದೆ ಅಂತ ಗೊತ್ತೂ ಇರುವುದಿಲ್ಲ. ಮನೆಯಲ್ಲಿ ಎಲ್ಲರದೂ ಪರೀಕ್ಷೆ ಆಗಬೇಕು. ಕಾಯಿಲೆ ಬೀಳದವರದು ಆರಿದ್ದರೂ ನಡೆಯುತ್ತದೆ, ಕುಡಿಕೆಯಲ್ಲಿ ತನ್ನಿ. ಇಲ್ಲದಿದ್ದರೆ ಇವರಿಗೆ ಮತ್ತೆ ಬರುತ್ತದೆ. ಮತ್ತೆ ಬಂದರೆ ನನ್ನ ಹತ್ತಿರ ಔಷಧಿ ಇಲ್ಲ."

ಗಾಡಿಯಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಶಂಕರಮ್ಮನಿಗೆ ಸವಳಂಗದ ಒಂದು ಮಳೆಗಾಲ ನೆನಪಾಗುತ್ತಿತ್ತು. ಮದುವೆಗೆ ಎರಡು ವರ್ಷ ಮೊದಲು ಅವಳಿಗೂ ಆಮಶಂಕೆ ಆಗಿತ್ತು. ತಾಯಿ ಮೆಂತ್ಯ ಮಜ್ಜಿಗೆ ಕುಡಿಸಿ ಕುಡಿಸಿ ಅದು ತಾನಾಗಿಯೇ ನಿಂತಿತ್ತು. ನಿಂತಿತ್ತು ಎಂದೇ ಎಲ್ಲರೂ ತಿಳಿದಿದ್ದರು.

ಮನೆಯಲ್ಲಿ ವಿಷಯ ಹೇಳಿದ್ದೇ ಕಸ್ತೂರಮ್ಮ ಕಿಡಿಕಿಡಿಯಾದಳು.

"ಏನು? ನಾನು ಅದನ್ನ ಕುಡಿಕೇಲಿ ಹಿಡಿದು ಆ ಗಂಡಸಿನ ಮುಂದೆ ಇಡಬೇಕಾ? ಮಾನ ಮರ್ಯಾದೆ ಐತಾ ಇಲ್ವಾ? ಸತ್ರೂ ಕೊಡಲ್ಲ."

"ಅವ್ವ, ಡಾಕ್ಟ್ರು ಎಲ್ಲಾರದೂ ಬೇಕು ಅಂದಾರೆ," ಎಂದ ಮರುಳಸಿದ್ದಪ್ಪ.

"ಹೆಂಡ್ತಿ ಮಾತು ಕೇಳ್ಕಂಡು ಬಂದು ತಾಯಿಗೆ ಹೇಳ್ತೀಯಾ?"

"ನಂದು ತಗಂಡು ಹೋಗ್ರಪ್ಪ," ಅಜ್ಜಮ್ಮ ಒಳಗಿನಿಂದ ಕೂಗಿದಳು. "ಈ ವಯಸ್ಸಿನಾಗೆ ನನ್ನಿಂದ ಸರ್ಕಾರಕ್ಕೆ ಕೊಡಾಕೆ ಇನ್ನೇನೈತೆ? ಕೊಡ ಗಿಡ ಏನಾದ್ರೂ ಬೇಕೋ, ಕುಡಿಕೆ ಸಾಕೋ?"

ಅಂಥ ಹೊತ್ತಿನಲ್ಲೂ ಮರುಳಸಿದ್ದಪ್ಪನಿಗೆ ನಗು ಬಂತು. ಶಂಕರಮ್ಮನಿಗೆ ಬರಲಿಲ್ಲ.

ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಮುತ್ತುಗದ ಎಲೆ ಮುಚ್ಚಿದ ಮೂರು ಕುಡಿಕೆ ಸಾಲಾಗಿ ಕೂತಿದ್ದವು. ಅಜ್ಜಿಯದು, ಗಂಡನದು, ತನ್ನದು. ತನ್ನದನ್ನು ತಿಪ್ಪೆಗೆ ಚೆಲ್ಲಿ ಅಜ್ಜಿಯದರಲ್ಲೇ ಒಂದಿಷ್ಟು ತೆಗೆದು ಹಾಕಿಕೊಂಡರೆ ಯಾರಿಗೆ ಗೊತ್ತಾಗುತ್ತದೆ? ಶಂಕರಮ್ಮ ಕಡ್ಡಿಯನ್ನೂ ಕೈಗೆತ್ತಿಕೊಂಡಳು. ಆಸ್ಪತ್ರೆಯ ಮಂಚದ ಮೇಲೆ ಮಜ್ಜಿಗೆ ಅನ್ನ ಉಣ್ಣುತ್ತಿದ್ದ ಮಾವನ ಮುಖ ಕಣ್ಣ ಮುಂದೆ ಬಂತು. ಕಡ್ಡಿಯನ್ನು ಬೇಲಿಯಾಚೆ ಎಸೆದು, ಮೂರನ್ನೂ ಬುಟ್ಟಿಯಲ್ಲಿಟ್ಟುಕೊಂಡು ಹೊರಟಳು.

ಮರುದಿನ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದರು.

"ನಿಮ್ಮ ಅಜ್ಜಿಯವರದರಲ್ಲಿ, ಯಜಮಾನರದರಲ್ಲಿ ಏನೂ ಇಲ್ಲ. ನಿಮ್ಮದರಲ್ಲಿ ಇದೆ. ಓಡಾಡುವ ಹುಳ ಅಲ್ಲ, ಅದರ ಮೊಟ್ಟೆ ಇದ್ದ ಹಾಗೆ."

"ಹಂಗಾದ್ರೆ ನನ್ನ ಕೈಯಿಂದಲೇ ಮಾವಂಗೆ..."

"ಇರಬಹುದು, ಇಲ್ಲದೆಯೂ ಇರಬಹುದು. ಈ ಊರಿನ ಹೊಂಡದ ನೀರು ಕುಡಿಯುವವರಲ್ಲಿ ಎಷ್ಟೋ ಜನರಿಗೆ ಇದೆ. ನೀವು ಬೇಕೆಂದು ಮಾಡಿದ್ದಲ್ಲ." ಅವರು ದನಿ ತಗ್ಗಿಸಿದರು. "ನಿಮ್ಮ ಮನೆಯ ಮಾತು ನನ್ನ ಕಿವಿಗೂ ಬಿದ್ದಿದೆ. ಮಾತ್ರೆ ಕೊಡುತ್ತೇನೆ. ಶಕ್ತಿಯ ಮಾತ್ರೆ ಅಂತ ಹೇಳಿ ನುಂಗಿ. ಮುಗಿಯುವವರೆಗೆ ಒಲೆಯ ಹತ್ತಿರ ಹೋಗಬೇಡಿ. ನಾನು ಯಾರಿಗೂ ಹೇಳುವುದಿಲ್ಲ."

ಒಲೆಯ ಹತ್ತಿರ ಹೋಗಬೇಡಿ. ಅತ್ತೆಯ ಮಾತನ್ನೇ ಡಾಕ್ಟರೂ ಹೇಳಿದರು.

*

ಬೆನಕಪ್ಪ ಮನೆಗೆ ಬಂದ. ಗೋಡೆ ಹಿಡಿದು ನಡೆಯುವಷ್ಟಾದ. ಶಂಕರಮ್ಮ ಮಾತ್ರೆಗಳನ್ನು ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಮಡಿಕೆಯಲ್ಲಿ ಇಟ್ಟು, ನೀರು ತರುವ ನೆವದಲ್ಲಿ ಹೊರಗೆ ಹೋಗಿ ನುಂಗುತ್ತಿದ್ದಳು. ಬಾಗಿಲು ಸಪ್ಪಳವಾದರೂ ಬೆಚ್ಚುತ್ತಿದ್ದಳು. ಗಂಡ ಒಂದು ದಿನ, "ಡಾಕ್ಟ್ರು ನಿನ್ನದರ ಬಗ್ಗೆ ಏನಂದ್ರು?" ಎಂದು ಕೇಳಿದಾಗ, "ಏನಿಲ್ಲವಂತೆ," ಎಂದುಬಿಟ್ಟಳು.

ಗಂಡ ಬದುಕಿದ ಮೇಲಾದರೂ ಕಸ್ತೂರಮ್ಮ ಮೆತ್ತಗಾಗಬಹುದು ಎಂದುಕೊಂಡರೆ ಅದೂ ಆಗಲಿಲ್ಲ. "ಹುಳ ಇತ್ತಂತೆ, ಸರಿ. ಆ ಹುಳ ಆದದ್ದಾದ್ರೂ ಯಾತರಿಂದ? ಒಳಗಿದ್ದ ಮದ್ದೇ ಹುಳ ಆಗತೈತೆ ಅಂತ ದುರುಗಮ್ಮ ಹೇಳ್ಯಾಳೆ," ಎನ್ನುತ್ತಿದ್ದಳು. ಪಾತ್ರೆಯ ಮೇಲಿನ ಕಲ್ಲು ಹಾಗೇ ಇತ್ತು. ಅವಳೂ ಇತ್ತೀಚೆಗೆ ಊಟ ಕಡಿಮೆ ಮಾಡಿದ್ದಳು. ಯಾರಾದರೂ ಕೇಳಿದರೆ ಸಿಡುಕುತ್ತಿದ್ದಳು.

ಶಿವರಾತ್ರಿಯ ಹೊತ್ತಿಗೆ ಅಜ್ಜಮ್ಮ ಹಾಸಿಗೆ ಹಿಡಿದಳು. ಹೊಟ್ಟೆ ನುಲಿತ, ಆಮ. ಎರಡು ದಿನಕ್ಕೆ ಮುದುಕಿಯ ಕೆನ್ನೆ ಒಳಕ್ಕೆ ಇಳಿದು, ಬೈಯುವ ದನಿಯೂ ಉಡುಗಿತು. ಮಧ್ಯಾಹ್ನ ಶಂಕರಮ್ಮ ಹೊಂಡದಿಂದ ಕೊಡ ಹೊತ್ತು ಬಂದರೆ ನಡುಮನೆಯಲ್ಲಿ ದುರುಗಮ್ಮ ಕೂತು ಬೇರು ಅರೆಯುತ್ತಿದ್ದಾಳೆ. ಕಸ್ತೂರಮ್ಮ ಬಿಸಿನೀರು ಹಿಡಿದು ನಿಂತಿದ್ದಾಳೆ. ಬಾಗಿಲಲ್ಲಿ ಗಾದ್ರಮ್ಮ.

ಶಂಕರಮ್ಮ ಕೊಡವನ್ನು ಇಳಿಸಿದಳೋ ಎತ್ತಿ ಹಾಕಿದಳೋ, ನೀರು ನೆಲದ ತುಂಬ ಹರಿಯಿತು.

"ಅತ್ತೆ, ಅಜ್ಜಿಗೆ ಅದು ಕುಡಿಸಬ್ಯಾಡ್ರಿ. ಜೀವ ಹೋಗತೈತೆ."

"ನೀನು ಸುಮ್ಕಿರು. ಒಬ್ಬರಾದ ಮ್ಯಾಲೆ ಒಬ್ಬರಿಗೆ ಹಾಕ್ಕಂಡು ಬರ್ತಿದ್ದೀಯ. ನಾಳೆ ನಾನು, ನಾಳಿದ್ದು ನನ್ನ ಮಗ."

"ಮದ್ದಲ್ಲ ಅತ್ತೆ ಅದು, ಹುಳ."

"ಎಲ್ಲಿಂದ ಬಂತು ಹುಳ? ಹೇಳು, ಎಲ್ಲಿಂದ ಬಂತು?"

ದುರುಗಮ್ಮ ಬಟ್ಟಲನ್ನು ಅಜ್ಜಮ್ಮನ ತುಟಿಗೆ ಹಿಡಿದಳು. ಮುದುಕಿ ತಲೆ ಆಚೆ ತಿರುಗಿಸಿದಳು. ಕಸ್ತೂರಮ್ಮ ಗದ್ದ ಹಿಡಿದಳು.

"ನನ್ನಿಂದ ಬಂತು!" ಶಂಕರಮ್ಮ ಬಟ್ಟಲನ್ನು ಕಿತ್ತುಕೊಂಡಳು. "ನನ್ನ ಹೊಟ್ಟೇಲಿ ಐತೆ ಆ ಹುಳ. ಡಾಕ್ಟ್ರು ಪರೀಕ್ಷೆ ಮಾಡಿ ಹೇಳ್ಯಾರೆ. ನನ್ನ ಕೈಯಿಂದ ಮಾವಂಗೆ ಹೋಗಿರಬೌದು, ಅಜ್ಜಿಗೂ ಹೋಗಿರಬೌದು. ಹೇಳಾಕೆ ಹೆದರಿಕೆ ಆಗಿ ಮುಚ್ಚಿಟ್ಟೆ. ಮಾತ್ರೆ ತಿಂತಾ ಇದ್ದೀನಿ, ಬೇಕಾದ್ರೆ ನೋಡ್ರಿ. ಮದ್ದಿಲ್ಲ, ಅಜ್ಜೀನ ಕಾರಿಸಿದ್ರೆ ಏನೂ ಬರಾದಿಲ್ಲ. ಅಜ್ಜೀನ ಬಿಡ್ರಿ!"

ಗಾದ್ರಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು.

"ಕೇಳಿದ್ರಾ?" ಕಸ್ತೂರಮ್ಮ ಬಾಗಿಲ ಕಡೆ ತಿರುಗಿದಳು. "ಅವಳ ಬಾಯಿಂದಲೇ ಕೇಳಿದ್ರಾ ಎಲ್ಲಾರೂ? ಮರುಳಸಿದ್ದ! ನಾಳೆ ಮೊದಲನೇ ಬಸ್ಸಿಗೆ ಇವಳನ್ನ ತವರಿಗೆ ಬಿಟ್ಟು ಬಾ. ಇನ್ನೊಂದು ತುತ್ತು ಈ ಮನೇಲಿ ಬ್ಯಾಡ."

ಅಂಗಡಿಯಿಂದ ಓಡಿಬಂದಿದ್ದ ಮರುಳಸಿದ್ದಪ್ಪ ಒಮ್ಮೆ ತಾಯಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿದ.

ಹಿಂದಿನ ಕೋಣೆಯ ಬಾಗಿಲು ಹಿಡಿದು ಬೆನಕಪ್ಪ ನಿಂತಿದ್ದ. ಕಾಯಿಲೆ ಬಿದ್ದಾಗಿನಿಂದ ಅವನು ಮನೆಯ ಜಗಳದಲ್ಲಿ ಬಾಯಿ ಹಾಕಿದವನಲ್ಲ. "ಮದ್ದು ಹಾಕಿದವಳು ಯಾರಾದ್ರೂ ನಾನೇ ಅಂತ ಕೂಗಿ ಹೇಳ್ತಾಳೇನೇ ಕಸ್ತೂರಿ?" ಎಂದ. ಏದುಸಿರು ಬರುತ್ತಿತ್ತು. "ನನ್ನ ಬೋಗುಣಿ ಹಿಡಿದವಳು ಅವಳು. ನೀನು ಆಸ್ಪತ್ರೆ ಬಾಗಿಲಿಗೂ ಬರಲಿಲ್ಲ. ದುರುಗಮ್ಮ, ಎದ್ದು ಹೋಗವ್ವ. ಲೋ, ಗಾಡಿ ಕಟ್ಟಿಸು. ಅವ್ವನ್ನ ಆಸ್ಪತ್ರೆಗೆ ಕರಕಂಡು ಹೋಗು."

"ಬಸ್ಸಿನ ಮಾತು ಆಮೇಲೆ ನೋಡಾಣ, ಅವ್ವ," ಎಂದ ಮರುಳಸಿದ್ದಪ್ಪ. ಅವನಿಂದ ಅಷ್ಟು ಬಂದದ್ದೇ ಹೆಚ್ಚು.

ದುರುಗಮ್ಮ ಬೇರಿನ ಗಂಟು ಕಟ್ಟಿಕೊಂಡು, "ನಿಮ್ಮ ಮನೆ ತಂಟೆ ನಂಗ್ಯಾಕ್ರಿ," ಎಂದು ಹೊರಟುಹೋದಳು.

ಅಜ್ಜಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ಅವಳಲ್ಲೂ ಅದೇ ಹುಳ ಈಗ ಕಂಡಿತು. ಮುದುಕಿಯ ಎದೆ ಗಟ್ಟಿ ಇಲ್ಲವೆಂದು ಡಾಕ್ಟರು ಸೂಜಿಯನ್ನು ಅರ್ಧ ಅರ್ಧ ಕೊಟ್ಟರು. ಬದುಕುತ್ತಾಳೋ ಇಲ್ಲವೋ ಎಂದು ಎರಡು ದಿನ ಯಾರೂ ಹೇಳುವಂತಿರಲಿಲ್ಲ. ಆ ಎರಡು ದಿನ ಶಂಕರಮ್ಮನ ಸೀರೆಗಳು, ಯಾವ ಹೊತ್ತಿಗೆ ತವರಿಗೆ ಕಳಿಸುತ್ತಾರೋ ಎಂದು, ಟ್ರಂಕಿನಲ್ಲಿ ಮಡಚಿಯೇ ಇದ್ದವು. ಮೂರನೆಯ ದಿನ ಮುದುಕಿ ಕಣ್ಣು ಬಿಟ್ಟು, ಗಂಜಿಗೆ ಉಪ್ಪು ಹಾಕಿಲ್ಲವೆಂದು ಬೈದಳು.

*

ಅಜ್ಜಮ್ಮ ಬೈದ ಮಾರನೆಯ ಮುಂಜಾನೆ ಶಂಕರಮ್ಮ ಹಿತ್ತಲಲ್ಲಿ ಸಗಣಿ ಬಾಚುತ್ತಿದ್ದಳು. ಬಯಲಿನಿಂದ ಚೆಂಬು ಹಿಡಿದು ಬಂದ ಕಸ್ತೂರಮ್ಮ ನೇರ ಒಳಗೆ ಹೋಗಲಿಲ್ಲ. ದನದ ಗೋದಲಿಯ ಹತ್ತಿರ ನಿಂತಳು. ಮುಖ ಬೂದಿಯಾಗಿತ್ತು.

"ಶಂಕ್ರಿ."

"ಏನತ್ತೆ?"

"ಇವತ್ತು ಆಸ್ಪತ್ರೆಗೆ ಹೋಗ್ತೀಯೇನು?"

"ಅಜ್ಜಿಗೆ ಗಂಜಿ ಒಯ್ಯಬೇಕಲ್ಲ."

ಕಸ್ತೂರಮ್ಮ ಗೋಡೆಯಾಚೆ ಗಾದ್ರಮ್ಮ ಇದ್ದಾಳೇನೋ ಎಂದು ಇಣುಕಿ ನೋಡಿದಳು. "ನಾನೂ ಬರ್ತೀನಿ. ಯಾರಿಗೂ ಹೇಳಬ್ಯಾಡ. ನಂಗೂ... ನಂಗೂ ನೆತ್ತರು ಹೋಗ್ತೈತೆ."

ಶಂಕರಮ್ಮ ಸಗಣಿ ಬುಟ್ಟಿ ಕೆಳಗಿಟ್ಟಳು. "ಯಾವಾಗಿಂದ ಅತ್ತೆ?"

"ಬಿಟ್ಟು ಬಿಟ್ಟು ಆಗ್ತಿತ್ತು. ಈಗ ದಿನಾ." ಕಸ್ತೂರಮ್ಮ ಸೊಸೆಯ ಮುಖ ನೋಡದೆ, ಹಸುವಿನ ಬೆನ್ನು ಸವರುತ್ತ ಹೇಳಿದಳು. "ನೀನು ಈ ಮನೆಗೆ ಬರೋಕಿಂತ ಮುಂಚಿನಿಂದ."

ಹಸು ತಲೆ ಕೊಡವಿತು.

"ನಮ್ಮವ್ವ ಹಿಂಗೇ ಆಗಿ ಸತ್ತಳು," ಎಂದಳು ಕಸ್ತೂರಮ್ಮ. "ಯಾರಿಗೂ ಹೇಳದಂಗೆ ಒಗೆದು ಒಗೆದು ಇಟ್ಕಂಡಿದ್ಲು. ನಂಗೆ ಆದಾಗಲೂ ಬಾಯಿ ಬರಲಿಲ್ಲ. ಆಮೇಲೆ ಇವರಿಗೂ ಆಯ್ತು. ನನ್ನ ದೆಸೆಯಿಂದ ಆಯ್ತೇನೋ ಅಂತ ಅಂದ್ಕಳಾಕೂ ಹೆದರಿಕೆ ಕಣೆ. ಯಾರೋ ಮದ್ದು ಅಂದ್ರು. ನಂಬಿದೆ. ನಂಬಿದ್ರೆ ಒಂದಿಷ್ಟು ಜೀವಕ್ಕೆ ಹಗುರ ಆಗ್ತಿತ್ತು."

ಶಂಕರಮ್ಮನಿಗೆ ಸಿಟ್ಟು ಬಂತು. ಇಷ್ಟು ದಿನ ಹೆದರಿ ಹೆದರಿ ಬತ್ತಿಹೋಗಿದ್ದ ಸಿಟ್ಟು ಒಮ್ಮೆಗೇ ಏರಿತು. "ನನ್ನ ಹೆಸರು ಊರೆಲ್ಲ ಹರಡಿದ್ರಲ್ಲ ಅತ್ತೆ!" ಎಂದಳು. ಕಸ್ತೂರಮ್ಮ ಹೊಟ್ಟೆ ಹಿಡಿದುಕೊಂಡು ಗೋದಲಿಯ ಅಂಚಿನ ಮೇಲೆ ಕೂತುಬಿಟ್ಟಳು. ಶಂಕರಮ್ಮ ಕೈ ತೊಳೆದು ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

ಆಸ್ಪತ್ರೆಯ ಹಿಂದೆ ತಗಡು ಹೊದಿಸಿದ ಕಕ್ಕಸಿತ್ತು. ಬೋಗುಣಿ ಹಿಡಿದು ಒಳಗೆ ಹೋದ ಕಸ್ತೂರಮ್ಮ ಎಷ್ಟು ಹೊತ್ತಾದರೂ ಬರಲಿಲ್ಲ.

"ಶಂಕ್ರಿ, ಇದ್ದೀಯೇನೆ? ಯಾರೂ ಬರದಂಗೆ ನೋಡ್ಕಳೇ."

"ಇಲ್ಲೇ ಇದ್ದೀನತ್ತೆ. ಯಾರೂ ಇಲ್ಲ."

ಡಾಕ್ಟರು ಯಂತ್ರಕ್ಕೆ ಕಣ್ಣಿಟ್ಟಾಗ ಕಸ್ತೂರಮ್ಮನ ಕೈ ಸೊಸೆಯ ಸೆರಗನ್ನು ಗಟ್ಟಿಯಾಗಿ ಹಿಡಿದಿತ್ತು. "ಇದೆ," ಎಂದರು ಡಾಕ್ಟರು. "ಬಹಳ ದಿನದ್ದು. ಇನ್ನೂ ತಡ ಮಾಡಿದ್ದರೆ ಕರುಳು ತೂತಾಗುತ್ತಿತ್ತು. ದಾವಣಗೆರೆಯಿಂದ ಸೂಜಿಮದ್ದು ತರಿಸಿ. ನನ್ನ ಹತ್ತಿರ ಎರಡು ದಿನಕ್ಕೆ ಮಾತ್ರ ಇದೆ."

"ಸ್ವಾಮಿ," ಕಸ್ತೂರಮ್ಮ ತಡೆ ತಡೆದು ಕೇಳಿದಳು, "ನನ್ನಿಂದ ಇವಳಿಗೋ, ಇವಳಿಂದ ನಂಗೋ?"

"ಹುಳದ ಮೇಲೆ ಹೆಸರು ಬರೆದಿರುವುದಿಲ್ಲ ತಾಯಿ. ಅದನ್ನು ಯಾರೂ ಹೇಳಲಾರರು. ನೀರು ಕುದಿಸಿ ಕುಡಿಯಿರಿ, ಸೋಪು ಹಚ್ಚಿ ಕೈ ತೊಳೆಯಿರಿ. ಪರೀಕ್ಷೆಯಲ್ಲಿ ಪೂರಾ ಹೋಗಿದೆ ಅಂತ ಕಾಣುವವರೆಗೆ ಇಬ್ಬರೂ ಅಡಿಗೆಮನೆಗೆ ಕಾಲಿಡಬೇಡಿ."

ಮನೆ ಬಾಗಿಲಲ್ಲಿ ಗಾದ್ರಮ್ಮ ಕಾದಿದ್ದಳು. "ಏನಂತೆ ಕಸ್ತೂರಕ್ಕ? ನಿಮ್ಮ ಸೊಸೇದು ಏನಂತೆ?"

ಶಂಕರಮ್ಮ ಅತ್ತೆಯ ರಟ್ಟೆ ಬಿಡದೆ ಹೊಸ್ತಿಲ ಕಡೆ ನಡೆಸಿದಳು.

"ಅವಳದು ಏನೂ ತಪ್ಪಿಲ್ಲ," ಎಂದಳು ಕಸ್ತೂರಮ್ಮ, ಓಣಿಗೆಲ್ಲ ಕೇಳುವಂತೆ. "ನಂದೇ ಹಳೇ ಕಾಯಿಲೆ. ಮದ್ದೂ ಇಲ್ಲ, ಮಣ್ಣೂ ಇಲ್ಲ." ಹೇಳಿ ಒಳಗೆ ಹೋಗಿ ಮಲಗಿಬಿಟ್ಟಳು. ಡಾಕ್ಟರೇ ದಿನಾ ಮನೆಗೆ ಬಂದು ಸೂಜಿ ಹಾಕುತ್ತಿದ್ದರು; ಅದು ಮುಗಿಯುವವರೆಗೆ ಏಳುವಂತಿರಲಿಲ್ಲ.

ಮರುಳಸಿದ್ದಪ್ಪ ದಾವಣಗೆರೆಗೆ ಹೋಗಿ ಔಷಧಿ ತಂದ. ತಂದವನಿಗೆ ಅಡಿಗೆಯೂ ಮೈಮೇಲೆ ಬಿತ್ತು. ಹಸಿರು ಕಟ್ಟಿಗೆ ಹಾಕಿ ಮನೆ ತುಂಬ ಹೊಗೆ ಮಾಡಿದ. ಬೆನಕಪ್ಪ ಹೊಸ್ತಿಲ ಹತ್ತಿರ ಕೂತು, ಗೊತ್ತಿಲ್ಲದ್ದನ್ನೆಲ್ಲ ಗೊತ್ತಿದ್ದವನಂತೆ ಹೇಳಿಕೊಡುತ್ತಿದ್ದ. ಆಸ್ಪತ್ರೆಯಿಂದ ಬಂದ ಅಜ್ಜಮ್ಮ ಹಾಸಿಗೆಯಲ್ಲೇ ಮಲಗಿ ಇಬ್ಬರನ್ನೂ ಬೈಯುತ್ತಿದ್ದಳು. "ಹಿಟ್ಟು ಒಮ್ಮೆಗೇ ಸುರೀಬ್ಯಾಡ್ರೋ! ಕೋಲು ತಿರುವ್ರೋ! ಎರಡು ಗಂಡು ಸೇರಿ ಒಂದು ಮುದ್ದೆ ಮಾಡಾಕೆ ಬರಲ್ವೇನ್ರೋ!"

ಸೂಜಿಯ ದಿನಗಳು ಮುಗಿದು ಕಸ್ತೂರಮ್ಮ ಮೊದಲ ಸಲ ಎದ್ದು ಕೂತ ಮಧ್ಯಾಹ್ನ, ಅತ್ತೆ ಸೊಸೆ ಇಬ್ಬರೂ ಸೋಪು ಹಚ್ಚಿ ಕೈ ತೊಳೆದು ಪಡಸಾಲೆಯಲ್ಲಿ ಒಟ್ಟಿಗೆ ಉಣ್ಣಲು ಕೂತರು. ಮರುಳಸಿದ್ದಪ್ಪ ಬಡಿಸಿದ. ಕಸ್ತೂರಮ್ಮ ಸೊಸೆಯ ತಟ್ಟೆಗೆ ಬಗ್ಗಿ ನೋಡಿದಳು.

"ಒಳಗೆ ಹಸಿ ಹಿಟ್ಟೈತೆ. ತಿನ್ನಬ್ಯಾಡ, ಹೊಟ್ಟೆ ಕೆಡತೈತೆ. ಲೋ, ಇವಳಿಗೆ ಬೆಂದಿರೋದು ನೋಡಿ ಹಾಕೋ."

"ಇರಲಿ ಬಿಡ್ರಿ ಅತ್ತೆ." ಶಂಕರಮ್ಮ ಸಾರಿನಲ್ಲಿ ಬೆರಳಾಡಿಸಿದಳು. ತುತ್ತು ಬಾಯಿಗೆ ಹೋಗಲಿಲ್ಲ. "ನಾಳೆ ಪರೀಕ್ಷೆಗೆ ಕೊಡಬೇಕು. ಹುಳ ಹೋಗಿರದಿದ್ರೆ ಏನು ಮಾಡಾದು?"

"ಯಾರದು?"

"ನಂದಾಗಲಿ, ನಿಮ್ಮದಾಗಲಿ."

ಕಸ್ತೂರಮ್ಮ ಅರೆಬೆಂದ ಮುದ್ದೆಯ ಗಂಟೊಂದನ್ನು ಬದಿಗೆ ತೆಗೆದಿಟ್ಟಳು.

"ಹೋಗಿರದಿದ್ರೆ ಮತ್ತೆ ಆಸ್ಪತ್ರೆಗೆ ಹೋಗಾದು," ಎಂದಳು. "ನಿನ್ನೊಬ್ಬಳನ್ನೇ ಬಿಟ್ಟು ನಾನೆಲ್ಲಿರಲಿ? ಉಣ್ಣು."